ಗೊಂಬೆ ಕೂತ ಸ್ಟೂಲು

ಎರ್ನಾಕುಳಂನ ಹೆಂಗಸರನ್ನು ಮುಖ ನೋಡಿ ಗುರುತು ಹಿಡಿ ಎಂದರೆ ಕುಸುಮಾವತಿಗೆ ಆಗುವುದಿಲ್ಲ. ಬೈತಲೆ ತೋರಿಸಿ, ಒಂದೇ ಕ್ಷಣದಲ್ಲಿ ಹೇಳುತ್ತಾಳೆ. ಹತ್ತೊಂಬತ್ತು ವರ್ಷದಿಂದ ಒಂದೇ ಸೀರೆ ಅಂಗಡಿಯ ರೇಷ್ಮೆ ವಿಭಾಗದಲ್ಲಿ ನಿಂತವಳು ಅವಳು. ಗಿರಾಕಿಗಳು ಮೆತ್ತನೆಯ ಕುರ್ಚಿಯಲ್ಲಿ ಕೂರುತ್ತಾರೆ, ಇವಳು ಕೌಂಟರಿನ ಈಚೆ ನಿಂತು ಸೀರೆ ಬಿಚ್ಚುತ್ತಾಳೆ. ಅವರ ಕಣ್ಣು ಸೀರೆಯ ಮೇಲೆ, ಇವಳ ಕಣ್ಣು ಅವರ ನೆತ್ತಿಯ ಮೇಲೆ. ವಕೀಲರ ಹೆಂಡತಿಯ ಬೈತಲೆ ತುಸು ಎಡಕ್ಕೆ. ಡಾಕ್ಟರಮ್ಮನದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ, ಪಾಪ. ಮೈಸೂರಿನಿಂದ ಬಂದ ಬ್ಯಾಂಕಿನ ಕಾಮಾಕ್ಷಿ ಮೇಡಂ ತಿಂಗಳಿಗೆ ಎರಡು ಸಲ ಬಣ್ಣ ಹಚ್ಚುತ್ತಾರೆ. ಆ ಡಾಕ್ಟರಮ್ಮ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕಿ ನಕ್ಕಾಗ, ಇದ್ಯಾರಪ್ಪ ಎಂದು ಕುಸುಮಾವತಿ ಮುಖ ತಿರುಗಿಸಿ ನಡೆದುಬಿಟ್ಟಿದ್ದಳು.

ಅಂಗಡಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಗೊಂಬೆ ನೋಡಲಿಕ್ಕೆಂದೇ ಹೋಗುವ ಪೈಕಿ. ಯಜಮಾನರ ಹೆಸರು ಶ್ರೀಪತಿ. ಎಲ್ಲರೂ ಮುದಲಾಳಿ ಎನ್ನುತ್ತಾರೆ. ಆಳು ಕೆಟ್ಟವರೇನಲ್ಲ, ಓಣಂ ಬಂದರೆ ಎಲ್ಲರಿಗೂ ಸೀರೆ ಕೊಡುತ್ತಾರೆ, ಮದುವೆಗೆ ಕರೆದರೆ ಬಂದು ಪಾಯಸ ಕುಡಿದು ಹೋಗುತ್ತಾರೆ. ಆದರೆ ಅಂಗಡಿಯೊಳಗೆ ಅವರ ಮೂರು ನಿಯಮ ಕಲ್ಲಿನಲ್ಲಿ ಕೆತ್ತಿದಷ್ಟು ಗಟ್ಟಿ: ಕೂರಬಾರದು, ಕಪಾಟಿಗೆ ಒರಗಬಾರದು, ಗಿರಾಕಿಯ ಎದುರು ಆಕಳಿಸಬಾರದು. "ಗಿರಾಕಿ ಅಂದರೆ ಲಕ್ಷ್ಮಿ. ಲಕ್ಷ್ಮಿ ಬಂದಾಗ ನಾವು ಕೂತಿರುವುದು ಮರ್ಯಾದೆಯಾ?" ಎಂದು ಕೇಳುತ್ತಾರೆ. ಹನ್ನೊಂದು ಹೆಂಗಸರು ಬೆಳಿಗ್ಗೆ ಒಂಬತ್ತೂವರೆಗೆ ಲಕ್ಷ್ಮಿಯ ಮರ್ಯಾದೆಗೆ ನಿಂತರೆ, ಮತ್ತೆ ಕೂರುವುದು ಸಂಜೆಯ ಬಸ್ಸಿನಲ್ಲಿ, ಅದೂ ಸೀಟು ಸಿಕ್ಕಿದರೆ.

ಅಷ್ಟರಲ್ಲಿ ಸರ್ಕಾರ ಒಂದು ಕಾನೂನು ಮಾಡಿತು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಇರಬೇಕು ಎಂದು. ಒಬ್ಬ ಇನ್ಸ್‌ಪೆಕ್ಟರ್ ಬಂದು ಪುಸ್ತಕ ತೆರೆದು ಓದಿದ. ಮುದಲಾಳಿ ತಲೆಯಾಡಿಸಿ ಒಂದು ಸ್ಟೂಲು ತರಿಸಿದರು. ಹನ್ನೊಂದು ಜನರಿಗೆ ಒಂದು, ಇರಲಿ, ಬಂತಲ್ಲ. ಕುಸುಮಾವತಿ ಅದನ್ನು ಒರೆಸಿ ಫ್ಯಾನಿನ ಅಡಿಯಲ್ಲಿ ಇಟ್ಟಳು. ಮರುವಾರ ಮುಂಬೈಯಿಂದ ಒಂದು ದೊಡ್ಡ ಪೆಟ್ಟಿಗೆ ಬಂತು, ಅದರೊಳಗಿನಿಂದ ಮದುಮಗಳ ಗೊಂಬೆ ಹೊರಟಿತು. ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು ಕೂತ ಭಂಗಿಯ ಗೊಂಬೆ. ಅದನ್ನು ಎಲ್ಲಿ ಕೂರಿಸುವುದು? ಮ್ಯಾನೇಜರ್ ರಾಜೀವ್ ಸುತ್ತಮುತ್ತ ನೋಡಿದ, ಸ್ಟೂಲು ಕಂಡಿತು. ಅಲ್ಲಿಗೆ ಮುಗಿಯಿತು ಕಥೆ. ಆ ಮಹಡಿಯಲ್ಲಿ ಕಾನೂನಿನ ಪ್ರಕಾರ ಕೂರುವ ಹಕ್ಕು ದಕ್ಕಿದ್ದು ಅದೊಂದಕ್ಕೇ.

ಹೆಂಗಸರು ಅದಕ್ಕೆ "ಮೇಡಂ" ಎಂದು ಹೆಸರಿಟ್ಟರು. ಬೆಳಿಗ್ಗೆ ಬಂದ ಕೂಡಲೇ ರತ್ನ ಹೋಗಿ, "ಮೇಡಂ, ಸುಖ ತಾನೇ? ಸೊಂಟ ನೋವಿಲ್ಲವಲ್ಲ?" ಎಂದು ವಿಚಾರಿಸುವುದು ರೂಢಿಯಾಯಿತು. ನಗು ಬರುತ್ತಿತ್ತು. ನಕ್ಕಷ್ಟು ಹೊತ್ತು ಕಾಲು ಮರೆತು ಹೋಗುತ್ತಿತ್ತು, ಮತ್ತೆ ನೆನಪಾಗುತ್ತಿತ್ತು.

ದಿಶಾ ಬಂದದ್ದು ಅಕ್ಕನ ಮದುವೆಗೆ ಸೀರೆ ಕೊಳ್ಳಲಿಕ್ಕೆ. ಮೈಸೂರು ಕಡೆಯ ಹುಡುಗಿ, ಕೊಚ್ಚಿಯಲ್ಲಿ ಕಾನೂನು ಓದುವವಳು. ಕುಸುಮಾವತಿ ಸೀರೆಯ ಮಡಿಕೆಗಳನ್ನು ಒಂದು, ಎರಡು ಎಂದು ಕನ್ನಡದಲ್ಲಿ ಎಣಿಸುವುದು ಕೇಳಿ ಅವಳ ಕಿವಿ ನೆಟ್ಟಗಾಯಿತು.

"ಆಂಟಿ, ನೀವು ಕನ್ನಡದವರಾ?"

"ಕಾಸರಗೋಡು ಮಾರಾಯ್ತಿ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷ ಆಯ್ತು."

ಮಾತಿಗೆ ಮಾತು ಸೇರಿತು. ಮೂವತ್ತು ಸೀರೆ ಬಿಚ್ಚಿಸಿದ ಮೇಲೆ ದಿಶಾಳಿಗೆ ನಾಚಿಕೆಯಾಗಿ, "ನೀವೂ ಸ್ವಲ್ಪ ಕೂತ್ಕೊಳಿ ಆಂಟಿ," ಎಂದಳು.

"ಎಲ್ಲಿ ಕೂರುವುದು? ಅಲ್ಲಿ ಅವರು ಕೂತಿದ್ದಾರಲ್ಲ," ಎಂದು ಕುಸುಮಾವತಿ ಗದ್ದದಲ್ಲೇ ಗೊಂಬೆಯನ್ನು ತೋರಿಸಿದಳು.

ದಿಶಾ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಅವಳು ಯಾವುದೋ ಜನನ್ಯಾಯ ಕೂಟದ ಕಾರ್ಯಕರ್ತೆಯಂತೆ. ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ದಿನಕ್ಕೆ ತಿರುವನಂತಪುರದಲ್ಲಿ ದೊಡ್ಡ ಸಭೆ, ವಿಷಯ ಕೂರುವ ಹಕ್ಕು. ನೀವು ಬಂದು ಐದು ನಿಮಿಷ ಈ ಗೊಂಬೆಯ ವಿಷಯ ಹೇಳಬೇಕು ಎಂದು ಗಂಟುಬಿದ್ದಳು. ಕುಸುಮಾವತಿ ಮೊದಲು ಆಗುವುದಿಲ್ಲ ಎಂದಳು. ಕೆಲಸ ಹೋದರೆ? ಗಂಡ ಇಲ್ಲ, ಮಗಳು ನರ್ಸಿಂಗ್ ಮೂರನೇ ವರ್ಷ. ಆದರೆ ಉಳಿದ ಹತ್ತು ಹೆಂಗಸರು ಸುಮ್ಮನಿರಬೇಕಲ್ಲ. "ಅಂಗಡಿಯ ಹೆಸರು ಹೇಳಬೇಡ. ಗೊಂಬೆಯ ವಿಷಯ ಮಾತ್ರ ಹೇಳದೆ ಬಂದರೆ ನೋಡು, ನನ್ನ ಡಬ್ಬಿಯ ಮೀನು ನಿನಗೆ ಇನ್ನು ಕನಸಿನಲ್ಲೂ ಇಲ್ಲ," ಎಂದು ರತ್ನ ಹೆದರಿಸಿದಳು. ರತ್ನಳ ಮೀನಿನ ರುಚಿ ಕಂಡವರು ಆ ಬೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕುಸುಮಾವತಿ ಒಪ್ಪಿದಳು.

ಸಭೆಯ ಭಾನುವಾರ ರಜೆ ಹಾಕಿ ದಿಶಾಳ ಜೊತೆ ಬೆಳಗಿನ ರೈಲು ಹತ್ತಿದಳು. ನಾಲ್ಕು ಗಂಟೆ ಕೂತೇ ಪ್ರಯಾಣ. ಅಭ್ಯಾಸವಿಲ್ಲದ ಕಾಲು ಕೊಲ್ಲಂ ದಾಟುವಷ್ಟರಲ್ಲಿ ಜೋಮು ಹಿಡಿಯಿತು, ಎದ್ದು ಬಾಗಿಲ ಹತ್ತಿರ ಸ್ವಲ್ಪ ನಿಂತು ಬಂದಳು. ದಾರಿಯುದ್ದಕ್ಕೂ ಭಾಷಣವನ್ನು ಬಾಯಿಪಾಠ ಮಾಡಿದಳು. ತಿರುವನಂತಪುರದ ತಂಪಾನೂರಿನಲ್ಲಿ ಇಳಿದು ಚಹಾ ಕುಡಿದು ಸಭಾಂಗಣಕ್ಕೆ ನಡೆದರು. ದಿಶಾ ಹೆಸರು ನೋಂದಾಯಿಸುವ ಮೇಜಿಗೆ ಓಡಿದಳು. "ನೀವು ಸೀದಾ ವೇದಿಕೆಗೆ ಹೋಗಿ ಆಂಟಿ, ನಿಮ್ಮ ಹೆಸರು ಅಂಟಿಸಿದ ಕುರ್ಚಿ ಇದೆ."

ಇತ್ತು, ನಿಜವಾಗಿ ಇತ್ತು. ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ, ಕಡೆಯಿಂದ ಎರಡನೆಯದರ ಬೆನ್ನಿಗೆ ಅವಳ ಹೆಸರು. ಅಚ್ಚಾದ ತನ್ನ ಹೆಸರನ್ನು ಅವಳು ರೇಷನ್ ಕಾರ್ಡು ಬಿಟ್ಟರೆ ಇನ್ನೆಲ್ಲೂ ನೋಡಿದವಳಲ್ಲ. ಸೆರಗು ಸರಿಮಾಡಿಕೊಂಡು ಕೂರಬೇಕು ಎನ್ನುವಾಗ ಪಕ್ಕದ ಕೊನೆಯ ಕುರ್ಚಿಗೆ ಒಬ್ಬರು ಬಂದರು. ಬಿಳಿ ಮುಂಡು, ಹಣೆಯಲ್ಲಿ ಗಂಧ. ಶ್ರೀಪತಿ ಮುದಲಾಳಿ.

ಕೂರಲು ಬಾಗಿದ ಕುಸುಮಾವತಿ ಹಾಗೇ ನೆಟ್ಟಗೆ ನಿಂತಳು. ವಿಷಯ ಇಷ್ಟೇ: ಮುದಲಾಳಿ ಹೋದ ವರ್ಷ ಇದೇ ಊರಿನ ಚಾಲೈ ಪೇಟೆಯಲ್ಲಿ ಒಂದು ಶಾಖೆ ತೆರೆದಿದ್ದರು. ಅತಿಥಿಗಳಿಗೆ ಹೊದಿಸುವ ಶಾಲುಗಳನ್ನು ಯಾರಾದರೂ ದಾನ ಮಾಡುತ್ತಾರಾ ಎಂದು ಕೂಟದವರು ಪೇಟೆಯಲ್ಲಿ ಕೇಳಿದಾಗ ಇವರು ಉದಾರವಾಗಿ ಕೊಟ್ಟಿದ್ದರು. ಶಾಲು ಕೊಟ್ಟವರಿಗೆ ಒಂದು ಕುರ್ಚಿ, ಎರಡು ಮಾತು ಶುಭ ಹಾರೈಸಲು ಮೈಕು, ಅದು ಆ ಊರಿನ ಸಂಪ್ರದಾಯ. ಇವಳ ಅಂಗಡಿ ಯಾವುದೆಂದು ಕೂಟದವರು ಕೇಳಿರಲಿಲ್ಲ, ಹೇಳಬಾರದೆಂದು ಇವಳೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮುದಲಾಳಿ ಅವಳನ್ನು ಕಂಡು ಹಿಗ್ಗಿಯೇ ಹೋದರು. "ಓ, ಕುಸುಮಾವತಿಯಾ? ರಾಜೀವ್ ನಿನ್ನನ್ನೇ ಕಳಿಸಿದ್ದು ಒಳ್ಳೆಯದಾಯ್ತು. ಶಾಲಿನ ಪೆಟ್ಟಿಗೆ ಕೆಳಗೆ ಉಂಟು. ಒಂದೊಂದಾಗಿ ಚೆಂದ ಮಡಚಿ ಕೊಡು."

ಇವಳು ಏನು ಹೇಳಬೇಕಿತ್ತು, ನಿಮಗೂ ಗೊತ್ತು, ನನಗೂ ಗೊತ್ತು. ಅವಳ ಬಾಯಿಯಿಂದ ಬಂದದ್ದು ಮಾತ್ರ, "ಆಯ್ತು ಸಾರ್." ಹತ್ತೊಂಬತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ. ಕೆಳಗೆ ಹೋಗಿ ಪೆಟ್ಟಿಗೆ ಹೊತ್ತು ತಂದಳು. ಎಲ್ಲಿಡುವುದು ಎಂದು ನೋಡಿದಳು, ಖಾಲಿ ಇದ್ದದ್ದು ಒಂದೇ ಕುರ್ಚಿ. ತನ್ನ ಹೆಸರಿನ ಕುರ್ಚಿಯ ಮೇಲೆ ತಾನೇ ಪೆಟ್ಟಿಗೆ ಇಟ್ಟು ಪಕ್ಕದಲ್ಲಿ ನಿಂತಳು.

ಸಭೆ ಶುರುವಾಯಿತು. ಸ್ವಾಗತ, ಅಧ್ಯಕ್ಷ ಭಾಷಣ, ಆಮೇಲೆ ಉದ್ಘಾಟನೆ. ಉದ್ಘಾಟಕರು ನಿವೃತ್ತ ನ್ಯಾಯಾಧೀಶರು, ನಲವತ್ತು ನಿಮಿಷ ಮಾತಾಡಿದರು. "ನಿಂತು ನಿಂತು ಕಾಲಿನ ನರ ಉಬ್ಬಿದ ನಮ್ಮ ಸಹೋದರಿಯರು," ಎಂದು ಗಂಟಲು ಕಟ್ಟಿ, ಹಿಂದೆ ಕೈಚಾಚಿ ನೀರು ಕೇಳಿದರು. ನೀರು ಕೊಟ್ಟವಳು ಕುಸುಮಾವತಿ. ಕುಡಿದು, ಲೋಟ ಅವಳ ಕೈಗೇ ಕೊಟ್ಟು, ಸಹೋದರಿಯರ ನೋವನ್ನು ಮುಂದುವರಿಸಿದರು. ಆಮೇಲೆ ಶುಭ ಹಾರೈಸುವವರ ಸರದಿ. ಒಬ್ಬರು ಇಳಿದರೆ ಇನ್ನೊಬ್ಬರು. ಪ್ರತಿಯೊಬ್ಬರೂ "ಹೆಚ್ಚು ಮಾತಾಡುವುದಿಲ್ಲ" ಎಂದು ಶುರು ಮಾಡಿ ತುಂಬಾ ಮಾತಾಡಿದರು. ಪ್ರತಿಯೊಬ್ಬರಿಗೂ ಒಂದು ಶಾಲು. ಇವಳು ಮಡಿಕೆ ಬಿಡಿಸಿ ಕೊಡುವುದು, ಅವರು ಹೊದ್ದು ಕೂರುವುದು. ಮುದಲಾಳಿಯೂ ಎದ್ದು, ಸ್ತ್ರೀ ಎಂದರೆ ದೇವತೆ ಎಂದು ಹೇಳಿ ಕೂತರು.

ಶಾಲು ಮುಗಿದವು. ವಂದನಾರ್ಪಣೆ ಎಂದು ಮೈಕಿನವನು ಘೋಷಿಸಿದಾಗ, ದಿಶಾ ಕಡೆಗೂ ನೋಂದಣಿ ಮೇಜು ಬಿಟ್ಟು ಬಂದು, ಬಾಗಿಲಲ್ಲೇ ಕೈ ಬೀಸಿ ಕೂಗಿದಳು, "ಕುಸುಮಾವತಿಯವರು ಮಾತಾಡಿಲ್ಲ." ಮೈಕಿನವನು ಪಟ್ಟಿ ನೋಡಿದ, ಹದಿನಾಲ್ಕು ಕುರ್ಚಿ ನೋಡಿದ. "ಬಂದ ಹಾಗೆ ಕಾಣುವುದಿಲ್ಲ," ಎಂದ.

ಆಗ ಕುಸುಮಾವತಿ ತನ್ನ ಕುರ್ಚಿಯ ಕಡೆಗೆ ತಿರುಗಿದಳು. ಖಾಲಿ ರಟ್ಟಿನ ಪೆಟ್ಟಿಗೆ ಅಲ್ಲಿ ಆರಾಮಾಗಿ ಕೂತಿತ್ತು. ಅಂಗಡಿಯಲ್ಲಿ ಗೊಂಬೆ, ಇಲ್ಲಿ ಪೆಟ್ಟಿಗೆ. ಅವಳಿಗೆ ಸಿಟ್ಟು ಬಂತು. ಮುದಲಾಳಿಯ ಮೇಲಲ್ಲ, ಆ ಪೆಟ್ಟಿಗೆಯನ್ನು ಅಲ್ಲಿಟ್ಟ ತನ್ನ ಕೈಯ ಮೇಲೇ ಬಂತು. ಅದನ್ನು ಎತ್ತಿ, "ಸಾರ್, ಸ್ವಲ್ಪ ಹಿಡಿಯಿರಿ," ಎಂದು ಮುದಲಾಳಿಯ ಕೈಗೆ ಕೊಟ್ಟಳು. ಅವರು ಏನೆಂದು ಕೇಳುವ ಮೊದಲೇ ಹಿಡಿದಿದ್ದರು. ಅವಳು ಕೂತಳು. ಕೂತು, ಮೈಕು ಕೊಡಿ ಎಂದು ಕೈಚಾಚಿದಳು.

ಬಾಯಿಪಾಠ ಮಾಡಿದ ಭಾಷಣದಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ. ಬಂದ ಮಲಯಾಳದಲ್ಲಿ ಬಂದ ಹಾಗೆ ಹೇಳಿದಳು: "ಕುಸುಮಾವತಿ ನಾನೇ. ನಾನು ಕೂತು ಮಾತಾಡುತ್ತೇನೆ. ನೀವೆಲ್ಲ ಐದು ನಿಮಿಷ ನಿಂತು ಕೇಳಬೇಕು."

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಟೀಚರ್ ಮೊದಲು ಎದ್ದರು. ಆಮೇಲೆ ಸಾಲು ಸಾಲೇ ಎದ್ದಿತು. ವೇದಿಕೆಯವರೂ ಶಾಲು ಸಮೇತ ಎದ್ದರು, ಏಳದೆ ಗತಿ ಇರಲಿಲ್ಲ.

"ಕಾಲು ನೋವಿದ್ದವರು ಕೂತುಕೊಳ್ಳಬಹುದು. ನಮ್ಮಲ್ಲಿ ಹಾಗೆ ಹೇಳುವವರು ಇಲ್ಲ, ಇಲ್ಲಿ ನಾನಿದ್ದೇನೆ."

ಅಷ್ಟು ಹೇಳಿದ ಮೇಲೆ ಕೂರುವ ಧೈರ್ಯ ಯಾರಿಗಿದೆ? ಅವಳು ಅಂಗಡಿಯ ಮೂರು ನಿಯಮ ಹೇಳಿದಳು, ಸ್ಟೂಲಿನ ಕಥೆ ಹೇಳಿದಳು. ಮುಂಬೈಯಿಂದ ಬಂದ ಮೇಡಮ್ಮಿನ ಕಥೆ, ರತ್ನ ದಿನಾ ಸುಖ ವಿಚಾರಿಸುವ ಕಥೆ. ಸಭೆ ಬಿದ್ದು ಬಿದ್ದು ನಕ್ಕಿತು. "ಯಾವ ಅಂಗಡಿ?" ಎಂದು ಯಾರೋ ಕೂಗಿದರು. ಅವಳು ಹೇಳಲಿಲ್ಲ. ಎಷ್ಟೆಂದರೂ ಅನ್ನ ಕೊಟ್ಟ ಅಂಗಡಿ. ಮುದಲಾಳಿ ಪೆಟ್ಟಿಗೆ ಹಿಡಿದು ನೆಲ ನೋಡುತ್ತಿದ್ದರು.

ಮೂರನೇ ನಿಮಿಷಕ್ಕೆ ಅವರ ಮೊಣಕಾಲು ಸೋತಿತು. ಮೆಲ್ಲಗೆ ಹಿಂದೆ ಸರಿದು ಕಂಬಕ್ಕೆ ಬೆನ್ನು ಕೊಟ್ಟರು. ಕಪಾಟಿನ ಸಾಲಿನಲ್ಲಿ ಹೊಸ ಹುಡುಗಿಯರನ್ನು ಎಷ್ಟೋ ವರ್ಷ ತಿದ್ದಿದ ಕುಸುಮಾವತಿಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಯೋಚಿಸುವ ಮೊದಲೇ, ಮೈಕಿನಲ್ಲೇ, ಬಹಳ ಮರ್ಯಾದೆಯಿಂದ ಹೇಳಿಬಿಟ್ಟಳು: "ಸಾರ್, ಒರಗಬಾರದು."

ಮುದಲಾಳಿ ಸಟಕ್ಕನೆ ನೆಟ್ಟಗಾದರು. ಸಭೆ ಒಂದು ಕ್ಷಣ ಅವರನ್ನು ನೋಡಿತು, ಒಂದು ಕ್ಷಣ ಇವಳನ್ನು ನೋಡಿತು. ಅಂಗಡಿ ಯಾವುದೆಂದು ಆಮೇಲೆ ಯಾರೂ ಕೇಳಲಿಲ್ಲ. ನಗು ಛಾವಣಿಗೆ ಮುಟ್ಟಿತು, ನ್ಯಾಯಾಧೀಶರಂತೂ ಶಾಲಿನಲ್ಲೇ ಕಣ್ಣು ಒರೆಸಿಕೊಂಡರು. ಕುಸುಮಾವತಿ ಮಾತ್ರ ನಗಲಿಲ್ಲ. ಕೆಲಸ ಹೋಯಿತು ಎಂದುಕೊಂಡಳು. ಮಗಳ ಮುಖ ಕಣ್ಣೆದುರು ಬಂತು. ಮೈಕು ಕೊಟ್ಟು ನಮಸ್ಕರಿಸಿದಳು.

ಊಟದ ಸಾಲಿನಲ್ಲಿ ಮುದಲಾಳಿ ಅವಳ ಹಿಂದೆ ಬಂದು ನಿಂತರು. ಕೈಯಲ್ಲಿ ಪೆಟ್ಟಿಗೆ ಇನ್ನೂ ಇತ್ತು, ಎಲ್ಲಿ ಇಡುವುದೆಂದು ಗೊತ್ತಾಗಿರಲಿಲ್ಲವೋ ಏನೋ. ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು. ಆಮೇಲೆ ಕೇಳಿದರು, "ಆ ಗೊಂಬೆಯನ್ನು ನಿಲ್ಲಿಸಿದರೆ ಆಗುತ್ತಿರಲಿಲ್ಲವಾ?"

"ಅದು ನಿಲ್ಲುವುದಿಲ್ಲ ಸಾರ್. ಅದರ ಮೊಣಕಾಲು ಮಡಚಿಯೇ ಮಾಡಿದ್ದು."

"ಹೌದಲ್ಲ," ಎಂದರು ಅವರು.

"ನಮ್ಮದೂ ಮಡಚುತ್ತದೆ ಸಾರ್."

ಮುದಲಾಳಿ ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ತಮ್ಮ ಮೊಣಕಾಲನ್ನು ಒಮ್ಮೆ ತಿಕ್ಕಿಕೊಂಡು, ಊಟ ಮಾಡದೆ ಹೊರಟು ಹೋದರು. ಮರಳುವ ರೈಲಿನಲ್ಲಿ ದಿಶಾ ಕಾನೂನಿನ ಯಾವ ಯಾವ ಕಲಮು ಅವಳನ್ನು ಕಾಯುತ್ತದೆ ಎಂದು ಎರ್ನಾಕುಳಂ ತನಕ ವಿವರಿಸಿದಳು. ಕುಸುಮಾವತಿಗೆ ಒಂದೂ ತಲೆಗೆ ಹೋಗಲಿಲ್ಲ.

ಸೋಮವಾರ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. ಮೇಲೆ ಹತ್ತು ಹೆಂಗಸರೂ ಸಾಲಾಗಿ ನಿಂತಿದ್ದರು, ಎಲ್ಲರೂ ಸಭೆಯಲ್ಲಿ ಯಾರೋ ತೆಗೆದ ವೀಡಿಯೊ ಫೋನಿನಲ್ಲಿ ನೋಡಿದವರೇ. ಗೊಂಬೆ ನೆಲದ ಮೇಲೆ ಕೂತಿತ್ತು. ಸ್ಟೂಲು ಫ್ಯಾನಿನ ಅಡಿಯಲ್ಲಿ ಖಾಲಿ ಇತ್ತು. ರಾಜೀವ್ ಮುಂದೆ ಬಂದ. "ಮುದಲಾಳಿ ಫೋನ್ ಮಾಡಿದ್ದರು. ಇನ್ನೂ ಐದು ಸ್ಟೂಲು ಬರ್ತದೆ. ಅಷ್ಟರವರೆಗೆ ಸರದಿ ಪ್ರಕಾರ. ಒರಗಬಾರದು ಎನ್ನುವುದು ಮಾತ್ರ ಹಾಗೇ ಉಂಟಂತೆ."

ಮೊದಲ ಸರದಿ ಯಾರದ್ದು ಎಂದು ಯಾರೂ ಚರ್ಚಿಸಲಿಲ್ಲ. ರತ್ನ ಸ್ಟೂಲು ತಂದು ಕೌಂಟರಿನ ಹಿಂದೆ ಇಟ್ಟು, "ಮೇಡಂ, ಕೂತುಕೊಳ್ಳಿ," ಎಂದು ಕುಸುಮಾವತಿಯ ಭುಜ ಒತ್ತಿದಳು. ಕೂತ ಕೂಡಲೇ ಅವಳಿಗೆ ಅಳು ಬಂತು. ಸೀರೆ ಮಡಚುವ ನೆವದಲ್ಲಿ ತಲೆ ತಗ್ಗಿಸಿ ಅತ್ತಳು.

ಅಷ್ಟರಲ್ಲಿ ಗಿರಾಕಿ ಬಂದರು, ಬಣ್ಣ ಹಚ್ಚಿದ ಬೈತಲೆ, ಬ್ಯಾಂಕಿನ ಕಾಮಾಕ್ಷಿ ಮೇಡಂ. ಕುಸುಮಾವತಿ ಏಳಲು ಹೊರಟಳು, ರತ್ನ ಬಿಡಲಿಲ್ಲ. ಕಾಮಾಕ್ಷಿ ಎಂದಿನಂತೆ ಕುರ್ಚಿ ಎಳೆದು ಎದುರು ಕೂತರು. ಬೈತಲೆ ಕಾಣಲಿಲ್ಲ. ಕಂಡದ್ದು ಎರಡು ಕಣ್ಣು, ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ, ಮೂಗಿನ ಪಕ್ಕದಲ್ಲಿ ದಣಿದ ಒಂದು ಗೆರೆ. ಇಷ್ಟು ವರ್ಷ ಸೀರೆ ಕೊಟ್ಟ ಹೆಂಗಸಿನ ಮುಖ ಹೀಗಿದೆಯಾ ಎಂದು ಅವಳು ನೋಡುತ್ತಲೇ ಇದ್ದಳು. ಆ ಕಡೆಯಿಂದಲೂ ನೋಟ ಇವಳ ಮುಖದ ಮೇಲೆಯೇ ನಿಂತಿತ್ತು. ಲಕ್ಷ್ಮಿಗೆ ಅವಮಾನವಾದ ಲಕ್ಷಣ ಏನೂ ಇರಲಿಲ್ಲ.

"ಏನ್ರೀ ಕುಸುಮಾವತಿ," ಎಂದರು ಕಾಮಾಕ್ಷಿ, "ಕನ್ನಡಕ ಹಾಕೋಕೆ ಶುರು ಮಾಡಿದ್ರಾ? ಯಾವಾಗಿಂದ?"

"ಆರು ವರ್ಷ ಆಯ್ತು ಮೇಡಂ," ಎಂದಳು ಕುಸುಮಾವತಿ.