ಖುರ್ಷಿದ್ ಸಾಬರ ತಲೆ ಎತ್ತಿ ಹಿಡಿದ ಮೂರು ತಾಸು

1.
ಎಲ್ಲಿಂದ ಶುರು ಮಾಡಲಿ? ಮಳೆಯಿಂದ ಬೇಡ. ಶಿರಸಿಯ ಕಥೆ ಮಳೆಯಿಂದ ಶುರುವಾದರೆ ನೀವು ಎರಡು ಪುಟ ಹಾರಿಸುತ್ತೀರಿ. ನಾನೂ ಹಾರಿಸುತ್ತೇನೆ.

ಮಣ್ಣಿನಿಂದ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಓಣಿಯ ಎದುರಿನ ತಗ್ಗು ಗದ್ದೆಗೆ ಟಿಪ್ಪರುಗಳು ಕೆಂಪು ಮಣ್ಣು ತಂದು ಸುರಿಯತೊಡಗಿದವು. ಬೇಸಿಗೆ ಮುಗಿಯುವುದರೊಳಗೆ ಗದ್ದೆ ಆಳೆತ್ತರ ಎದ್ದು ನಿಂತಿತು. ಅದರ ಮೇಲೊಂದು ಬೋರ್ಡು: ‘ಲೇಕ್ ಬ್ರೀಝ್ ಬಡಾವಣೆ’. (ಅಲ್ಲಿ ಯಾವ ಕೆರೆಯೂ ಇರಲಿಲ್ಲ. ಈ ಜೋಕು ನನ್ನದಲ್ಲ, ನನಗೆ ಅಷ್ಟು ಪ್ರತಿಭೆಯಿಲ್ಲ.)

2.
ಓಣಿಯ ಕೊನೆಯ ಮನೆ ಬಿಸ್ಮಿಲ್ಲಾ ಬಿಯವರದು. ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಾರೆ. ಗಂಡ ಖುರ್ಷಿದ್ ಸಾಬರು ಮೂವತ್ತು ವರ್ಷ ಯಲ್ಲಾಪುರದ ಘಾಟಿಯಲ್ಲಿ ಲಾರಿ ಓಡಿಸಿದವರು. ಲಕ್ವ ಹೊಡೆದ ಮೇಲೆ ಮಂಚವೇ ಗತಿ. ಎಡಗೈ, ಎರಡು ಕಣ್ಣು, ಅರ್ಧ ನಗು, ಇಷ್ಟು ಉಳಿದಿತ್ತು.

ಬಡಾವಣೆಗೆ ಆಕ್ಷೇಪ ಕೇಳಲು ಸಭೆ ಕರೆದಾಗ ಓಣಿಯಿಂದ ಹನ್ನೊಂದು ಜನ ಹೋದೆವು. ಮೇಷ್ಟ್ರು ಎಂದು ನನ್ನನ್ನೇ ಮುಂದೆ ಕೂರಿಸಿದರು. ನಾನು ‘ಪರಿಸರ ಸಮತೋಲನ’ ಎಂದೆಲ್ಲ ಮಾತಾಡಿದೆ. ಅಧಿಕಾರಿ ತಲೆದೂಗಿದರು, ಏನೂ ಬರೆದುಕೊಳ್ಳಲಿಲ್ಲ. ಆಮೇಲೆ ಬಿಸ್ಮಿಲ್ಲಾ ಬಿ ಎದ್ದರು. ಅಧಿಕಾರಿ ಕೇಳಿದರು:

“ನಿಮ್ಮನೀಗೆ ಹಿಂದೆ ಯಾವಾಗಾದ್ರೂ ನೀರು ನುಗ್ಗಿದ್ದು ಇದೆಯಾ ಅಮ್ಮಾ?”

“ಇಲ್ರೀ ಸಾಹೇಬ್ರ. ನೀರು ಗದ್ದ್ಯಾಗ ನಿಲ್ತಿತ್ತು, ಅದಕ್ಕೇ ನಮ್ಮನೀಗೆ ಬಂದಿಲ್ಲ. ಈಗ ಗದ್ದೀನೇ ಎತ್ತರ ಮಾಡಿದ್ರ ಅದು ಎಲ್ಲಿ ನಿಲ್ಲಬೇಕ್ರಿ?”

ಅಧಿಕಾರಿ ಗುಮಾಸ್ತನ ಕಡೆ ತಿರುಗಿದರು. “ಹಿಂದೆ ನೀರು ನುಗ್ಗಿದ ಉದಾಹರಣೆ ಇಲ್ಲ. ಬರ್ಕೋ.”

3.
ಕಳೆದ ಜುಲೈ, ಮಂಗಳವಾರ, ಊಟದ ಹೊತ್ತು. ‘ನೀರು ಹಾವಿನಂತೆ ಹರಿದು ಬಂತು’ ಎಂದು ಬರೆದು ಬಿಸ್ಮಿಲ್ಲಾ ಬಿಯವರಿಗೆ ಓದಿ ಹೇಳಿದೆ.

“ಹಾವಿನಂಗ ಎಲ್ಲಿ ಬಂತ್ರಿ? ಬಚ್ಚಲದ ತೂತಿನಿಂದ ಬಂತು.”

ಸರಿ. ಬಚ್ಚಲ ತೂತಿನಿಂದ ಬಂತು. ಅರ್ಧ ತಾಸಿನಲ್ಲಿ ಮಂಚದ ಪಟ್ಟಿ ಮುಟ್ಟಿತು. ಹೊಲಿದಿಟ್ಟ ಕೌದಿಗಳನ್ನೆಲ್ಲ ತಂದು ಗಂಡನ ಬೆನ್ನಡಿ ತುರುಕಿದರು. ಕೌದಿಗಳು ನೀರು ಕುಡಿದು ಕುಸಿದವು. ಅವರೊಬ್ಬರಿಂದ ಎತ್ತಲಾಗುವ ದೇಹವಲ್ಲ ಅದು. ತಲೆದೆಸೆಯಲ್ಲಿ ನಿಂತು, ಕುತ್ತಿಗೆಯಡಿ ಕೈಕೊಟ್ಟು, ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿದರು. ಕೂಗಿದರು. ಸೊಂಟದ ಮೇಲೆ ಏರಿದ ನೀರಿನಲ್ಲಿ ಅಗ್ನಿಶಾಮಕದವರು ಹಗ್ಗ ಹಿಡಿದು ಬರುವವರೆಗೆ, ಮೂರು ತಾಸು.

ನಾನೆಲ್ಲಿದ್ದೆ? ನಾಲ್ಕು ಮನೆ ಈಚೆ, ಪುಸ್ತಕಗಳನ್ನು ಅಟ್ಟಕ್ಕೆ ಸಾಗಿಸುತ್ತಿದ್ದೆ. ‘ಕೂಗಿದ್ದು ಕೇಳಿಸಲಿಲ್ಲ’ ಎಂದು ಮೊದಲ ಕರಡಿನಲ್ಲಿತ್ತು. ಹೊಡೆದು ಹಾಕಿದ್ದೇನೆ. ಕೇಳಿಸಿತ್ತು. ಇನ್ನೊಂದು ಕಪಾಟು ಮುಗಿಸಿ ಹೋಗೋಣ ಅಂದುಕೊಂಡೆ. ಅದು ಮುಗಿಯುವ ಹೊತ್ತಿಗೆ ಓಣಿಯಲ್ಲಿ ಕಾಲಿಡುವ ಹಾಗಿರಲಿಲ್ಲ.

(ಇದನ್ನು ಅವರಿಗೆ ಇನ್ನೂ ಓದಿ ಹೇಳಿಲ್ಲ.)

4.
ಖುರ್ಷಿದ್ ಸಾಬರು ಅವತ್ತು ಸಾಯಲಿಲ್ಲ. ಎಂಟು ದಿನದ ಮೇಲೆ, ಕಫ ಕಟ್ಟಿ, ಜ್ವರ ಏರಿ, ಆಸ್ಪತ್ರೆಯಲ್ಲಿ ಸತ್ತರು. ನೆರೆಯಲ್ಲಿ ಸತ್ತವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಬಿಸ್ಮಿಲ್ಲಾ ಬಿ ತಾಲೂಕು ಕಚೇರಿಗೆ ಹೋದರು. ಜೊತೆಗೆ ನಾನು. “ಪರಿಹಾರ ಬ್ಯಾಡ್ರಿ. ನೀರಿನಿಂದ ಹೋದ್ರು ಅಂತ ಬರೀರಿ, ಸಾಕು.”

ಗುಮಾಸ್ತ ಕೆಟ್ಟವನಲ್ಲ. ಮೆತ್ತಗೇ ಹೇಳಿದ, “ಅಮ್ಮಾ, ನೀರಲ್ಲಿ ಸತ್ತಿಲ್ಲವಲ್ಲ. ನೀವೇ ಉಳಿಸಿದ್ರಲ್ಲ.”

ಮೆಟ್ಟಿಲಿಳಿಯುವಾಗ ಅವರು ಒಮ್ಮೆ ನಿಂತರು. “ಅಂದ್ರ, ಕೈ ಬಿಟ್ಟಿದ್ರ ಬರೀತಿದ್ರೇನ್ರಿ?”

ಕಥೆಗಾರನಾದ ನಾನು ಮನೆಗೆ ಬಂದು ಬೇರೆ ಮುಕ್ತಾಯ ಬರೆಯಲು ಕೂತೆ.

4 (ಇನ್ನೊಮ್ಮೆ).
ಮುಕ್ತಾಯ ಒಂದು: ಹಗ್ಗದವರು ಎರಡು ತಾಸು ಮೊದಲೇ ಬರುತ್ತಾರೆ. ಖುರ್ಷಿದ್ ಸಾಬರು ಬದುಕುತ್ತಾರೆ.

“ಉಳಿಸಬ್ಯಾಡ್ರಿ ಮಾಸ್ತರ್ರ,” ಅಂದರು ಬಿಸ್ಮಿಲ್ಲಾ ಬಿ. “ನೀವು ಉಳಿಸಿದ್ರ, ಏನೂ ಆಗೇ ಇಲ್ಲ ಅಂತಾರ ಅವರು.”

ಮುಕ್ತಾಯ ಎರಡು: ಗುಮಾಸ್ತ ಕಣ್ಣೊರೆಸಿಕೊಂಡು ಕಾರಣ ತಿದ್ದುತ್ತಾನೆ. ಇದಕ್ಕೆ ಅವರು ನಕ್ಕುಬಿಟ್ಟರು. ಗಂಡ ಹೋದ ಮೇಲೆ ನಾನು ನೋಡಿದ ಮೊದಲ ನಗು. ಆ ಮುಕ್ತಾಯಕ್ಕೆ ಅಷ್ಟಾದರೂ ಬೆಲೆ ಬಂತು.

5.
ಈ ಮೇ ತಿಂಗಳಲ್ಲಿ, ನಾನು ಅವರ ಮನೆಯಲ್ಲಿ ಕರಡು ಹಿಡಿದು ಕೂತಿದ್ದಾಗ, ಬಾಗಿಲಿಗೆ ಒಬ್ಬಳು ಬಂದಳು. ಅಭಿಜ್ಞಾ. ಬಡಾವಣೆಯ ಮೊದಲ ಸಾಲಿನಲ್ಲಿ ಹೊಸ ಮನೆ. ಒಳಗೆ ಬರಲೋ ಬೇಡವೋ ಎಂದು ಚಪ್ಪಲಿಯಲ್ಲೇ ನಿಂತಿದ್ದಳು.

“ನಮ್ಮನೆ ಹಿಂದೆ ಎರಡನೇ ಹಂತ ಅಂತ ಇನ್ನೂ ಎತ್ತರಕ್ಕೆ ಮಣ್ಣು ಹಾಕ್ತಾ ಇದ್ದಾರೆ. ಈಗ ನಮ್ಮದೇ ತಗ್ಗು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಏಳೂಲೆ ಆಗ್ತಿಲ್ಲೆ...” ಗಾಬರಿಯಲ್ಲಿ ಮನೆಮಾತಿನ ಕನ್ನಡ ನಡುನಡುವೆ ಬರುತ್ತಿತ್ತು. “ನೀವು ಅವತ್ತು ಹ್ಯಾಂಗೆ ಹಿಡಿದಿದ್ರಿ? ಕೇಳಬಾರದು, ಗೊತ್ತು.”

ಈ ಜಾಗಕ್ಕೆ ಬಿಸ್ಮಿಲ್ಲಾ ಬಿಯವರಿಗಾಗಿ ಒಳ್ಳೆಯ ಸಿಟ್ಟಿನ ಮಾತು ನನ್ನ ಬಳಿ ತಯಾರಿತ್ತು. ಅರ್ಧ ಪುಟ. ‘ನಿಮ್ಮ ಅಂಗಳದ ಮಣ್ಣಿನಡಿ ನಮ್ಮ ನೀರಿದೆ’ ಎಂದು ಶುರುವಾಗುತ್ತಿತ್ತು. ಹೇಳಿ ಎಂದು ಕಣ್ಣಲ್ಲೇ ಒತ್ತಾಯ ಮಾಡಿದೆ. ಅವರು ಹೇಳಲಿಲ್ಲ. 

“ಒಳಗ ಬಾರವ್ವಾ,” ಅಂದರು. ಆಮೇಲೆ ನನಗೆ, “ಮಾಸ್ತರ್ರ, ಆ ಹಾಳಿ ಬದೀಗಿಡ್ರಿ. ಮಂಚದ ಮ್ಯಾಲೆ ಮಲಕೋರಿ.”

“ನಾನಾ?”

“ಮತ್ತ ಹೆಂಗ ತೋರಿಸ್ಲಿ?”

ಮಲಗಿದೆ. ಖುರ್ಷಿದ್ ಸಾಬರ ಮಂಚ. ತಲೆದೆಸೆಗೆ ಬಂದು ಕುತ್ತಿಗೆಯಡಿ ಕೈ ಕೊಟ್ಟರು. “ಬೆರಳು ಹಿಂಗ ಅಗಲ ಮಾಡಬೇಕು. ಗದ್ದ ಮ್ಯಾಲಾಗಬೇಕು. ಮೊಣಕೈ ನಿನ್ನ ಹೊಟ್ಟೀಗೆ ಒತ್ಕೋ, ಇಲ್ಲಾಂದ್ರ ತಡ್ಯಾಂಗಿಲ್ಲ. ಮತ್ತ ಮಾತಾಡ್ತಾ ಇರಬೇಕು. ಸುಮ್ನಾದ್ರ ಹೆದರ್ತಾರ.”

“ಎಂತ ಮಾತಾಡಿದ್ರಿ?” ಅಭಿಜ್ಞಾ ಕೇಳಿದಳು.

ಬಿಸ್ಮಿಲ್ಲಾ ಬಿ ನನ್ನ ಗದ್ದವನ್ನು ಇನ್ನಷ್ಟು ಮೇಲೆತ್ತಿದರು. ಅಷ್ಟರಲ್ಲಿ ಅಭಿಜ್ಞಾ ತನ್ನ ಕೈಯನ್ನೂ ಅವರ ಕೈಯ ಪಕ್ಕ ತೂರಿಸಿದಳು, ಭಾರ ಎಷ್ಟೆಂದು ನೋಡಲು.

ಇಲ್ಲಿ ನಾನೊಂದು ಕೊನೆಯ ಸಾಲು ಬರೆಯಬೇಕು. ಬರೆಯಲು ಏಳಬೇಕು. ಏಳಲು ಅವರು ಕೈ ತೆಗೆಯಬೇಕು. ಇನ್ನೂ ತೆಗೆದಿಲ್ಲ.