ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ

ಪರದೆಯ ಮೇಲಿನ ಮನೆಗಳಿಗೆ ಇನ್ನೂ ಬಾಗಿಲಿಲ್ಲ, ಕಿಟಕಿಯಿಲ್ಲ, ಸಾಲಾಗಿ ಜೋಡಿಸಿಟ್ಟ ಬೆಂಕಿಪೊಟ್ಟಣಗಳು, ಎಲ್ಲವೂ ಪಶ್ಚಿಮಕ್ಕೆ ಮುಖ ಮಾಡಿ ಕೂತಿವೆ — ಬಡಾವಣೆ ಕಟ್ಟುವ ಮೊದಲೇ ಅದು ಎಷ್ಟು ಕರೆಂಟು ತಿಂದೀತು ಎಂದು ಅಂದಾಜು ಹೇಳುವುದು ಅವಳ ಕೆಲಸ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯೋಳು ಅಂತ ಗಂಡ ರೇಗಿಸುತ್ತಾನೆ, ರೇಗಿಸಲಿ, ಇವತ್ತು ಊಟದ ಹೊತ್ತಿನೊಳಗೆ ಅಂದಾಜು ಹೋಗಬೇಕು, ಅದನ್ನು ನೋಡಿಯೇ ಬೀದಿಗಳ ಗೆರೆ ಎಳೆಯುತ್ತಾರೆ, ಗೆರೆ ಬಿದ್ದ ಮೇಲೆ ಮನೆಗಳ ಮುಖ ತಿರುಗಿಸಲು ಯಾರಪ್ಪನಿಂದಲೂ ಆಗದು, ಆದರೆ ಬೆರಳು ಒಂದೇ ಸಾಲಿನ ಮೇಲೆ ನಿಂತುಬಿಟ್ಟಿದೆ, ತಂತ್ರಾಂಶ ತಾನೇ ತುಂಬಿಕೊಳ್ಳುವ ಸಾಲು — ಹಗಲು ಮನೆ ಖಾಲಿ, ಎಲ್ಲರೂ ಕೆಲಸಕ್ಕೆ, ಶಾಲೆಗೆ, ದೀಪ ಸೊನ್ನೆ, ಫ್ಯಾನು ಸೊನ್ನೆ. ನಿನ್ನೆ ತಲೆನೋವೆಂದು ಬೇಗ ಮನೆಗೆ ಹೋದಳು, ಬಾಗಿಲು ತಳ್ಳಿದರೆ ಕಾದ ಕಾವಲಿಯಂಥ ಕೋಣೆ, ಅತ್ತೆ ಗೋಡೆಗೊರಗಿ ಹಳೇ ಪತ್ರಿಕೆ ಮಡಿಸಿ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಬೆನ್ನೆಲ್ಲ ಬೆವರು, ಫ್ಯಾನು ಕೆಟ್ಟಿದೆಯಾ ಅತ್ತೆ, ಇಲ್ಲಮ್ಮ, ಚೆನ್ನಾಗೇ ಇದೆ, ಮನೇಲಿ ಯಾರೂ ಇರ್ಲಿಲ್ವಲ್ಲ ಅಂತ ಹಾಕ್ಲಿಲ್ಲ. ಯಾರೂ ಇರಲಿಲ್ಲವಂತೆ! ಸಿಟ್ಟೂ ಬಂತು, ಅಳುವೂ ಬಂತು, ಅಷ್ಟರಲ್ಲಿ ಅವರೇ ಎದ್ದು, ಗಿಡ್ಡ ಜೀವ, ತುದಿಗಾಲಲ್ಲಿ ನಿಂತು ಸ್ವಿಚ್ಚಿಗೆ ಕೈ ಚಾಚಿ — ಬಿಸಿಲಲ್ಲಿ ಬಂದಿದೀಯ, ಕೂತ್ಕೋ ಕಂದಾ.

ಅತ್ತೆಗೂ ತಂತ್ರಾಂಶಕ್ಕೂ ಎಂಥ ಹೊಂದಾಣಿಕೆ ನೋಡಿ, ಇಬ್ಬರೂ ಸೊನ್ನೆ ಎನ್ನುತ್ತಾರೆ, ನಾಳೆ ಮೀಟರು ಓದಿದರೂ ಸೊನ್ನೆಯೇ ಬರುತ್ತದೆ, ಅಂದಾಜು ಬಹಳ ಸರಿಯಾಗಿತ್ತು ಎಂದು ಬೆನ್ನು ತಟ್ಟುತ್ತಾರೆ, ಮನೆ ಕಾದ ಜೀವ ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ — ಆ ಸಾಲು ಅಳಿಸಿದಳು, ಪ್ರತಿ ಮನೆಯಲ್ಲೂ ಹಗಲಿಗೊಬ್ಬರನ್ನು ಕೂರಿಸಿ ಗುಂಡಿ ಒತ್ತಿದಳು, ಅಂಕಿ ದಡದಡನೆ ಏರಿ ಮಿತಿ ದಾಟಿ ಕೆಂಪಾಯಿತು, ಇಳಿಬಿಸಿಲು ತಪ್ಪಲೆಂದು ಮನೆಗಳನ್ನು ಉತ್ತರಕ್ಕೆ ತಿರುಗಿಸಿದಳು, ಇಳಿಯಿತು, ಪೂರ್ತಿ ಇಳಿಯಲಿಲ್ಲ, ಬೆನ್ನ ಹಿಂದೆ ಸಾಹೇಬರು, ಏನಮ್ಮ ಇದು, ನಕ್ಷೆಯೆಲ್ಲ ಮತ್ತೆ ಬರೆಸ್ತೀಯಾ, ಹಗಲು ಹೊತ್ತು ಮನೇಲಿ ಯಾರಿರ್ತಾರೆ? ನಮ್ಮತ್ತೆ ಇರ್ತಾರೆ ಸರ್. ಸಾಹೇಬರು ನಗಲು ಹೊರಟವರು ನಗಲಿಲ್ಲ, ಕೆಂಪು ಅಂಕಿಯನ್ನೇ ನೋಡುತ್ತ ಕತ್ತು ಕೆರೆದುಕೊಂಡರು, ಸರಿ, ಹೀಗೇ ಕಳಿಸು, ಇಬ್ರೂ ಸೇರಿ ಬೈಸ್ಕೊಳ್ಳೋಣ. ಕಳಿಸಿದಳು, ಇನ್ನೂ ಹುಟ್ಟದ ಮನೆಗಳ ಅತ್ತೆಯರಿಗೆಲ್ಲ ನೆರಳು ಸಿಕ್ಕೀತು, ಇವರಿಗೆ? — ಫೋನು ಹಚ್ಚಿದಳು, ಅತ್ತೆ, ಫ್ಯಾನು ಹಾಕ್ಕೊಳ್ಳಿ, ಆ ಕಡೆಯಿಂದ ಸಂಭ್ರಮದ ದನಿ, ಯಾಕಮ್ಮ, ನೀನು ಬರ್ತಿದೀಯಾ? ಹೂಂ ಅತ್ತೆ, ಬರ್ತಿದೀನಿ, ಈಗ್ಲೇ ಹಾಕಿ, ಮತ್ತು ಕಿವಿಯಲ್ಲಿ ಫೋನು ಕೆಳಗಿಟ್ಟ ಸದ್ದು, ಪಾದ ಎಳೆಯುವ ಸದ್ದು, ಈಗ ಹಿಮ್ಮಡಿ ಏಳುತ್ತಿರಬೇಕು, ಆ ತುದಿಗಾಲು, ಆ ಕೈ, ಸ್ವಿಚ್ಚಿನವರೆಗೆ —