ಇಬ್ಬರು ಕೂರುವ ಬೆಂಚು

ಮಕ್ಕಳು ಕಂಪ್ಯೂಟರ್ ಮುಂದೆ ಕೂತರೆ ಸಾಕು, ಮನೆಯವರೆಲ್ಲ ಪಿಸುಮಾತಿಗೆ ಇಳಿಯುತ್ತೇವೆ. ಪಾಪ, ಓದುತ್ತಿದೆ ಮಗು! ಏನು ಓದುತ್ತಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಬೀದಿಯ ಬಡಗಿಯಣ್ಣನ ಮನೆಯಲ್ಲೂ ಹಾಗೇ ಆಯಿತು. ಮಗನಿಗೆ ಹದಿನಾಲ್ಕು ವರ್ಷ. ಅಪ್ಪನ ಭುಜ ಮೀರಿ ಬೆಳೆದಿದ್ದರೂ ಮನೆಯಲ್ಲಿ ಇನ್ನೂ ‘ಮರಿ’. ಮರಿಯ ಓದಿಗೆ ತೊಂದರೆಯಾಗಬಾರದೆಂದು ಬಡಗಿಯಣ್ಣ ಒಳಕೋಣೆಯ ಮೂಲೆಯಲ್ಲಿ ಕಂಪ್ಯೂಟರಿಗೆಂದೇ ಒಂದು ಗೂಡು ಕಟ್ಟಿದ. ಸುತ್ತ ಹಲಗೆ, ಒಬ್ಬನೇ ಕೂರುವಷ್ಟು ಜಾಗ, ಎಳೆದುಕೊಳ್ಳಲು ಬಾಗಿಲು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಕೆಲಸವೇನೋ ಬಲು ಅಚ್ಚುಕಟ್ಟು. ಯೋಚನೆ ಮಾತ್ರ ಸ್ವಲ್ಪ ಸಾಲದಾಯಿತು.

ಒಂದು ಸಂಜೆ ಅಳತೆಪಟ್ಟಿ ಹುಡುಕುತ್ತಾ ಅಪ್ಪ ಆ ಬಾಗಿಲು ಎಳೆದ. ಪರದೆಯ ಮೇಲಿದ್ದದ್ದು ಪಾಠವಲ್ಲ, ಮಕ್ಕಳು ನೋಡಬಾರದ ವಿಡಿಯೋ. ಎತ್ತಿದ ಕೈಯನ್ನು ಹೇಗೋ ತಡೆದುಕೊಂಡ. ಆದರೆ ಮಾತೂ ಆಡಲಿಲ್ಲ. ಗೂಡಿಗೆ ಬೀಗ ಜಡಿದ. ಅಂದಿನಿಂದ ಮರಿ ತಲೆ ತಗ್ಗಿಸಿ ಊಟ ಮಾಡಿ ಎದ್ದು ಹೋಗುತ್ತಿದ್ದ. ದಿನಾ ಶಾಲೆಯಿಂದ ಬಂದವನೇ ಅಪ್ಪನ ಪಕ್ಕ ಮರದ ಹೊಟ್ಟಿನ ಮೇಲೆ ಕೂತು ಹರಟುತ್ತಿದ್ದ ಹುಡುಗ, ಆ ಕಡೆ ಸುಳಿಯುವುದನ್ನೇ ಬಿಟ್ಟ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಬಡಗಿಯಣ್ಣನ ತಂಗಿ ಬಂದಾಗ ಬೀಗ ಕಣ್ಣಿಗೆ ಬಿತ್ತು. ಸಂಗತಿ ಕೇಳಿ ನಕ್ಕಳು.

“ಏನಣ್ಣಾ, ನೆಗಡಿ ಬಂತು ಅಂತ ಮೂಗೇ ಕೊಯ್ದುಬಿಟ್ಯಾ?”

“ಇನ್ನೇನ್ ಮಾಡ್ಲಿ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?”

“ಬಗ್ಗಿಸೋಕೆ ಹೋಗಿ ಮುರೀಬೇಡ. ಈ ವಯಸ್ಸಲ್ಲಿ ಕುತೂಹಲ ಸಹಜ. ಆದ್ರೆ ಆ ವಿಡಿಯೋದಲ್ಲಿರೋದೆಲ್ಲ ದುಡ್ಡಿಗೆ ಮಾಡೋ ನಟನೆ. ಪ್ರೀತಿ, ಮರ್ಯಾದೆ ಅಂದ್ರೇನು ಅಂತ ಅದು ಕಲಿಸಲ್ಲ. ಅದನ್ನ ನೀನೇ ಹೇಳ್ಬೇಕು.”

“ನಂಗೆ ನಾಚ್ಕೆ ಆಗುತ್ತೆ ಕಣೇ.”

“ನೀನು ನಾಚ್ಕೊಂಡು ಸುಮ್ನಿದ್ರೆ ಇಂಟರ್‌ನೆಟ್ ಹೇಳ್ಕೊಡುತ್ತೆ. ಅದಕ್ಕೆ ನಾಚ್ಕೆನೇ ಇಲ್ಲ!”

ಅವಳು ಮರಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಅತ್ತೆ, ಆಟ ಆಡುವಾಗ ಏನೋ ಒತ್ತಿದೆ, ತಾನಾಗೇ ಬಂತು. ಆಮೇಲೆ ನಾನೇ ಹುಡುಕಿ ನೋಡ್ದೆ. ಹೇಳೋಕೆ ಭಯ ಆಯ್ತು. ಈಗ ಅಪ್ಪ ನನ್ ಹತ್ರ ಮಾತೇ ಆಡಲ್ಲ.”

ಬಡಗಿಯಣ್ಣ ಎದ್ದು ಬಂದ. ಮಗನ ತಲೆಯ ಮೇಲೆ ಕೈ ಇಟ್ಟ.

“ಆ ಗೂಡು ಕಟ್ಟಿದೋನು ನಾನೇ ಅಲ್ವೇನೋ ಮರಿ? ಬಾ, ಸುತ್ತಿಗೆ ತಗೋ.”

ಅಪ್ಪ, ಮಗ ಸೇರಿ ಗೂಡು ಕಳಚಿದರು. ಕಂಪ್ಯೂಟರ್ ನಡುಮನೆಗೆ ಬಂತು, ಎಲ್ಲರೂ ಓಡಾಡುವ ಜಾಗಕ್ಕೆ. ಅದೇ ಹಲಗೆಗಳಲ್ಲಿ ಇಬ್ಬರು ಕೂರುವ ಬೆಂಚು ತಯಾರಾಯಿತು. ಅತ್ತೆ ಮರಿಯ ಎದುರಿಗೇ ಅವನಿಗೊಂದು ಬೇರೆ ಖಾತೆ ತೆರೆದಳು, ಕೆಟ್ಟ ತಾಣಗಳನ್ನು ತಡೆಯುವ ವ್ಯವಸ್ಥೆ ಹಾಕಿದಳು, ಅದರ ಪಾಸ್‌ವರ್ಡ್ ಅಣ್ಣ ಅತ್ತಿಗೆಗೆ ಕೊಟ್ಟಳು. ಮನೆಯ ಮೊಬೈಲಿಗೂ ಹಾಗೇ ಮಾಡಿದಳು.

“ಇಷ್ಟಾದ್ರೆ ಇನ್ನು ಏನೂ ಬರಲ್ವಾ?” ಬಡಗಿಯಣ್ಣನಿಗೆ ಅನುಮಾನ.

“ಜರಡಿ ಹಿಡಿದ್ರೂ ಒಂದೊಂದು ಕಲ್ಲು ನುಸುಳುತ್ತಣ್ಣ. ಅದಕ್ಕೇ ನೀನು ಹತ್ರ ಇರ್ಬೇಕು.”

ಕೆಲವು ದಿನ ಕಳೆದ ಮೇಲೆ, ಅಂಗಳದಲ್ಲಿ ಮರ ಕೊಯ್ಯುತ್ತಿದ್ದ ಬಡಗಿಯಣ್ಣನಿಗೆ ಒಳಗಿನಿಂದ ಕೂಗು ಕೇಳಿತು.

“ಅಪ್ಪಾ, ಸ್ವಲ್ಪ ಬಾ. ಇಲ್ಲೇನೋ ಬಂದ್ಬಿಟ್ಟಿದೆ.”

ಗರಗಸ ಬಿಟ್ಟು ಓಡಿದ. ಬೆಂಚಿನಲ್ಲಿ ಮರಿ ಆಗಲೇ ಪಕ್ಕಕ್ಕೆ ಸರಿದು ಜಾಗ ಮಾಡಿದ್ದ.

ನಿಮ್ಮ ಮನೆಯ ಕಂಪ್ಯೂಟರ್ ಯಾವ ಮೂಲೆಯಲ್ಲಿದೆ? ಇವತ್ತೇ ಎಲ್ಲರ ಕಣ್ಣೆದುರಿಗೆ ತನ್ನಿ. ಮಕ್ಕಳಿಗೆ ಬೇರೆ ಖಾತೆ ಮಾಡಿ, ಅಶ್ಲೀಲ ತಾಣಗಳಿಗೆ ತಡೆ ಹಾಕಿಸಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅದರಲ್ಲೇನೂ ಅವಮಾನವಿಲ್ಲ. ಬೈಯುವ ಮೊದಲು ಪಕ್ಕದಲ್ಲಿ ಕೂತು ಮಾತಾಡಿ. ಹೆದರಿದಾಗ ಮಕ್ಕಳು ಮೊದಲು ಕೂಗಬೇಕಾದದ್ದು ನಿಮ್ಮನ್ನೇ.